ಅಟ್ಟವೂ ಋತುವೂ



ಮನೆಯನ್ನು ಚೊಕ್ಕಟ ಮಾಡುವುದಕ್ಕೂ ಒಂದು ಉಪನ್ಯಾಸ ಬೇಕೇ ಎಂದು ಕೆಲವರು ನಗಬಹುದು. ಗುಡಿಸುವುದು ಬೇರೆ, ತೆರವು ಮಾಡುವುದು ಬೇರೆ. ಕಸವನ್ನು ಕಸವೆಂದು ಎಲ್ಲರೂ ಬಲ್ಲರು; ಪೊರಕೆಗೆ ಆ ವಿಷಯದಲ್ಲಿ ಸಂಶಯವಿಲ್ಲ. ಸಾಮಾನು ಎಂಬ ಗೌರವದ ಹೆಸರು ಪಡೆದು ಅಟ್ಟದ ಮೇಲೆ, ಮಂಚದ ಕೆಳಗೆ, ಬೀರುವಿನ ನೆತ್ತಿಯ ಮೇಲೆ ಕುಳಿತಿರತಕ್ಕ ವಸ್ತುಗಳ ವಿಷಯದಲ್ಲಿಯೇ ನಮ್ಮ ಬುದ್ಧಿ ತೊಡಕಿಗೆ ಬೀಳುವುದು. ಹಿಡಿ ಮುರಿದ ಕೊಡೆ, ಮುಚ್ಚಳವಿಲ್ಲದ ಭರಣಿ, ಭರಣಿಯಿಲ್ಲದ ಮುಚ್ಚಳ, ಮದುವೆಯಲ್ಲಿ ಉಡುಗೊರೆಯಾಗಿ ಬಂದ ಆರು ಗಡಿಯಾರಗಳ ಪೈಕಿ ಐದು: ಇವನ್ನು ಕಸವೆಂದು ಕರೆಯಲು ಬಾಯಿ ಬಾರದು, ಬಳಸಲು ಕೈ ಹೋಗದು.

ಹೀಗೆ ಕೂಡಿಡುವ ಅಭ್ಯಾಸ ನಮಗೆ ಎಲ್ಲಿಂದ ಬಂದಿತು ಎಂಬುದನ್ನು ಮೊದಲು ವಿಚಾರ ಮಾಡತಕ್ಕದ್ದು. ನಮ್ಮ ಹಿರಿಯರು ಅವಿವೇಕದಿಂದ ಅಟ್ಟ ಕಟ್ಟಲಿಲ್ಲ. ಒಂದು ಸುಗ್ಗಿಯಿಂದ ಮತ್ತೊಂದು ಸುಗ್ಗಿಯವರೆಗೆ, ಮಳೆ ಕೈಕೊಟ್ಟರೆ ಅದರಾಚೆಗೂ, ಮನೆಯವರ ಹೊಟ್ಟೆ ನಡೆಯಬೇಕಾಗಿತ್ತು. ಬಯಲುಸೀಮೆಯ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ತೋಡಿ ರಾಗಿಯನ್ನು ತುಂಬಿ ಬಾಯಿ ಮುಚ್ಚುತ್ತಿದ್ದರು. ರಾಗಿಗೆ ಹುಳು ಬೀಳುವುದು ಕಡಮೆಯಾದ್ದರಿಂದ ಅದು ವರ್ಷಗಟ್ಟಲೆ ಕೆಡದೆ ನಿಲ್ಲುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1871ನೆಯ ಇಸವಿಯ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟು ಇದ್ದ ಪ್ರಜೆಗಳು 1881ನೆಯ ಇಸವಿಯ ಗಣತಿಯ ಹೊತ್ತಿಗೆ 42 ಲಕ್ಷಕ್ಕೂ ಕಡಮೆಯಾದರು. ನಡುವೆ ಬಂದದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಅದನ್ನು ಕಂಡು ಬದುಕಿ ಉಳಿದವರು ಒಂದು ಹಿಡಿ ಕಾಳನ್ನೂ ಒಂದು ತುಂಡು ಹಗ್ಗವನ್ನೂ ಎಸೆಯದೆ ಇದ್ದರೆ ಅದರಲ್ಲಿ ಆಶ್ಚರ್ಯವೇನು? ಅವರ ಮಕ್ಕಳೂ ಮೊಮ್ಮಕ್ಕಳೂ ಅದನ್ನೇ ಕಲಿತರು. ರಾಗಿಯ ವಿಷಯದಲ್ಲಿ ವಿವೇಕವಾಗಿದ್ದುದು ಬಿಸ್ಕತ್ತಿನ ಡಬ್ಬದ ವಿಷಯದಲ್ಲಿ ಬರಿಯ ವಾಡಿಕೆಯಾಗಿ ಉಳಿದಿದೆ, ಅಷ್ಟೆ.

ಕ್ಷಾಮವು ಕೂಡಿಡುವುದನ್ನು ಕಲಿಸಿದರೆ, ಇಪ್ಪತ್ತು ವರ್ಷಗಳೊಳಗಾಗಿ ಪ್ಲೇಗು ತೆರವು ಮಾಡುವುದನ್ನು ಕಲಿಸಿತು. 1896ರಲ್ಲಿ ಬೊಂಬಾಯಿಗೆ ಬಂದ ಆ ವ್ಯಾಧಿ 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿಯ ಮೈಮೇಲಿನ ಚಿಗಟವೇ ಇದರ ವಾಹಕವೆಂದು ಪಾಲ್ ಲೂಯಿ ಸಿಮಾನ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಕತ್ತಲೆಯ ಕೋಣೆಯ ಮೂಟೆಗಳ ಸಂದಿಗಿಂತ ಇಲಿಗೆ ಬೇರೆ ಅರಮನೆ ಬೇಕೆ? ಇಲಿ ಬಿದ್ದಿತೆಂದರೆ ಜನರು ಮನೆಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಹಾಕಿಕೊಂಡು, ಕೈಗೆ ಸಿಕ್ಕ ನಾಲ್ಕು ಪಾತ್ರೆ ಕಂಬಳಿಗಳೊಡನೆ ಕಾಲ ತಳ್ಳುತ್ತಿದ್ದರು. ಒಂದು ಸಂಸಾರ ನಡೆಯಲು ನಿಜವಾಗಿಯೂ ಎಷ್ಟು ಸಾಮಾನು ಬೇಕೆಂಬುದು ಆ ಗುಡಿಸಲುಗಳಲ್ಲಿ ತಿಳಿದಿರಬೇಕು. ಅಂತಹ ಪಾಠ ಯಾರಿಗೂ ಬೇಡ.

ಈಗಿನ ಕಾಲದ ಶತ್ರು ಇಲಿಗಿಂತ ಚಿಕ್ಕದು. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚತಕ್ಕದ್ದು. ಅದು ಚರಂಡಿಗಿಂತಲೂ ನಮ್ಮ ಮನೆಯ ಮಗ್ಗುಲಲ್ಲಿ ನಿಂತ ತಿಳಿನೀರನ್ನೇ ಹೆಚ್ಚಾಗಿ ಬಯಸುತ್ತದೆ. ಹಿತ್ತಲಿನ ಹಳೆಯ ಟೈರು, ಒಡೆದ ಕುಂಡ, ತೆಂಗಿನ ಕರಟ, ಮಹಡಿಯ ಮೇಲೆ ಎಸೆದ ಪ್ಲಾಸ್ಟಿಕ್ ಬಕೀಟು, ಇವೇ ಅದರ ತೊಟ್ಟಿಲುಗಳು. ಪಾತ್ರೆಯ ಒಳಮೈಯಲ್ಲಿ ನೀರಿನ ಅಂಚಿಗೆ ಸ್ವಲ್ಪ ಮೇಲೆ ಅದು ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಬತ್ತಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಕೊಂಡೇ ಜೀವ ಹಿಡಿದಿರಬಲ್ಲವು. ಮುಂದೆ ಒಂದು ಮಳೆ ಬಂದರೆ ಸಾಕು, 7ರಿಂದ 10 ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತವೆ. ಆದಕಾರಣ ನೀರನ್ನು ಚೆಲ್ಲಿ ಬಕೀಟನ್ನು ಅಲ್ಲಿಯೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಒಳಮೈಯನ್ನು ತಿಕ್ಕಿ ತೊಳೆದು ಬೋರಲು ಹಾಕಬೇಕು, ಇಲ್ಲವೆ ಆ ಪಾತ್ರೆಯೇ ಮನೆಯಿಂದ ಹೊರಡಬೇಕು. ಜೂನ್ ಮೊದಲಲ್ಲಿ ಮುಂಗಾರು ಹಿಡಿಯುವುದಕ್ಕೆ ಮುಂಚೆ ಹಿತ್ತಲನ್ನೂ ಮಹಡಿಯನ್ನೂ ಒಮ್ಮೆ ನೋಡಿಕೊಳ್ಳುವುದು ಚೆಲುವಿನ ಮಾತಲ್ಲ, ಮಕ್ಕಳ ಪ್ರಾಣದ ಮಾತು.

ಹಾಗೆ ನೋಡಿದರೆ ತೆರವು ಮಾಡುವ ದಿನಗಳನ್ನು ನಾವು ಹೊಸದಾಗಿ ಗೊತ್ತುಮಾಡಬೇಕಾಗಿಲ್ಲ. ಪಂಚಾಂಗವೇ ಗೊತ್ತುಮಾಡಿ ಕೊಟ್ಟಿದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ತಮಿಳು ತೆಲುಗು ಸೀಮೆಗಳಲ್ಲಿಯೂ ಅವುಗಳಿಗೆ ಸೇರಿದ ನಮ್ಮ ಗಡಿಯ ಕೆಲವು ಕಡೆಗಳಲ್ಲಿಯೂ ಆ ದಿನ ಹಳೆಯ ಚಾಪೆ ಮೊರಗಳನ್ನು ಸುಡುವ ರೂಢಿ ಇದೆ. ಹುಲ್ಲು ಬಿದಿರುಗಳ ಕಾಲಕ್ಕೆ ಅದು ಒಪ್ಪುತ್ತಿತ್ತು. ಇಂದಿನ ಪ್ಲಾಸ್ಟಿಕ್ಕನ್ನು ಸುಟ್ಟರೆ ಏಳುವ ಹೊಗೆ ವಿಷ, ಅದನ್ನು ಖಂಡಿತ ಮಾಡಕೂಡದು. ಯುಗಾದಿಗೆ ಮುಂಚೆ ಮನೆ ಸಾರಿಸಿ ಸುಣ್ಣ ಬಳಿಯುವುದು, ಆಯುಧಪೂಜೆಗೆ ಹತ್ಯಾರುಗಳನ್ನು ಹೊರಗೆ ತೆಗೆದು ತುಕ್ಕು ತಿಕ್ಕುವುದು, ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಕೆಳಗಿಳಿಸಿ ಧೂಳು ಕೊಡವುವುದು, ಇವೆಲ್ಲ ಪೂಜೆಯೂ ಹೌದು, ತನಿಖೆಯೂ ಹೌದು. ಗೆದ್ದಲು ಹಿಡಿದ ಪುಸ್ತಕ ಆ ದಿನ ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ತೆರವು ಮಾಡುವ ಉತ್ಸಾಹದಲ್ಲಿ ಹಳೆಯ ಓಲೆಗರಿಗಳನ್ನೂ ಕೈಬರಹದ ಕಡತಗಳನ್ನೂ ತೂಕಕ್ಕೆ ಹಾಕಬೇಡಿ. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಯ ಕಟ್ಟಿನಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಆ ಕಟ್ಟನ್ನು ಯಾವ ಮನೆಯವರಾದರೂ ಹಂಡೆಯ ಒಲೆಗೆ ಹಾಕಿದ್ದರೆ? ನಿಮ್ಮ ಅಟ್ಟದಲ್ಲಿರುವುದು ಹಳೆಯ ಲೇವಾದೇವಿಯ ಲೆಕ್ಕವೇ ಆಗಿರಬಹುದು. ಆದರೂ ಓದಬಲ್ಲವರಿಗೆ ತೋರಿಸಿದ ಮೇಲೆ ತೀರ್ಮಾನ ಮಾಡುವುದು ಲೇಸು.

ಅದಕ್ಕಿಂತ ಹೆಚ್ಚಿನ ಎಚ್ಚರಿಕೆ ಮನೆಯ ಹಿರಿಯರ ಪೆಟ್ಟಿಗೆಯ ವಿಷಯದಲ್ಲಿ. ಮಗನೋ ಸೊಸೆಯೋ ರಜೆಯ ದಿನ ಬಂದು, ಮುದುಕಿಯನ್ನು ದೇವಸ್ಥಾನಕ್ಕೆ ಕಳುಹಿಸಿ, ಅವಳ ಟ್ರಂಕನ್ನು ಬರಿದು ಮಾಡುವುದುಂಟು. ಇದು ತೆರವಲ್ಲ, ಕಳವು. ಪೆಟ್ಟಿಗೆಯ ಒಂದೊಂದು ವಸ್ತುವನ್ನೂ ಅವಳ ಮುಂದಿಟ್ಟು ಕೇಳಿರಿ. ಹೊತ್ತು ಹಿಡಿಯುತ್ತದೆ, ನಿಜ. ಒಂದು ಸೀರೆಗೆ ಒಂದು ಕಥೆ ಬರುತ್ತದೆ. ಕಥೆ ಹೇಳಿ ಮುಗಿದ ಮೇಲೆ ಅನೇಕ ವೇಳೆ ಸೀರೆಯನ್ನು ಅವಳೇ ಕೊಟ್ಟುಬಿಡುತ್ತಾಳೆ. ಉತ್ತರ ಕರ್ಣಾಟಕದಲ್ಲಿ ಹಳೆಯ ಸೀರೆ ಧೋತ್ರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವ ಕೆಲಸ ಇದೆಯಷ್ಟೆ. ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ವಾಸನೆ ಹಿಡಿದು ಕುಳಿತಿರುವ ಬಟ್ಟೆಗಿಂತ ಮೊಮ್ಮಗನ ಮೈಮೇಲಿನ ಕೌದಿ ಆ ಸೀರೆಗೆ ಹೆಚ್ಚಿನ ಮರ್ಯಾದೆಯೆಂದು ನನ್ನ ಅಭಿಪ್ರಾಯ.

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಅಳತೆಗೋಲು ಏನು? ಜೈನ ಗೃಹಸ್ಥರ ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೆಂಬುದೊಂದು ಇದೆ. ಮುನಿಯಂತೆ ಎಲ್ಲವನ್ನೂ ಬಿಡೆಂದು ಅದು ಸಂಸಾರಿಗೆ ಹೇಳುವುದಿಲ್ಲ. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ, ಪಾತ್ರೆ, ಬಟ್ಟೆ ಇಂತಿಷ್ಟು ಸಾಕೆಂದು ತಾನೇ ಎಲ್ಲೆ ಹಾಕಿಕೊಳ್ಳೆಂದು ಹೇಳುತ್ತದೆ. ವಸ್ತು ಬರುವುದಕ್ಕೆ ಮುಂಚೆಯೇ ಲೆಕ್ಕ ಗೊತ್ತಿರುವುದು ಇದರ ಸೊಗಸು. ಯಾವ ಮತದವರಾದರೂ ಲೋಟ ಎಷ್ಟು, ಹೊದಿಕೆ ಎಷ್ಟು ಎಂದು ಮನೆಯಲ್ಲಿ ಕುಳಿತು ನಿಶ್ಚಯಿಸಬಹುದು. ಇನ್ನು ಸಂಶಯಕ್ಕೆ ಬಿದ್ದ ಸಾಮಾನುಗಳನ್ನು ಗಂಟು ಕಟ್ಟಿ, ಅದರ ಮೇಲೆ ಈ ಯುಗಾದಿಯ ಹೆಸರು ಬರೆದ ಚೀಟಿಯನ್ನು ಅಂಟಿಸಿರಿ. ಮುಂದಿನ ಯುಗಾದಿಯವರೆಗೆ ಆ ಗಂಟನ್ನು ಯಾರೂ ಬಿಚ್ಚದಿದ್ದರೆ ಮತ್ತೆ ಬಿಚ್ಚಿ ನೋಡದೆ ಯೋಗ್ಯರಿಗೆ ಕೊಟ್ಟುಬಿಡಿ. ಬಿಚ್ಚಿದಿರೋ, ಮೋಹ ಮತ್ತೆ ಹಿಡಿಯುತ್ತದೆ.

ಆದರೆ ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಯುವ ವಸ್ತುಗಳೆಲ್ಲ ವ್ಯರ್ಥವೆಂದು ತಿಳಿಯಬಾರದು. ನವರಾತ್ರಿಯ ಬೊಂಬೆಗಳನ್ನು ನೋಡಿ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ತಾಯಿತಂದೆಗಳು ಕೊಡುತ್ತಿದ್ದ ಮರದ ಪಟ್ಟದ ಬೊಂಬೆಗಳು, ರಾಜ ಮತ್ತು ರಾಣಿ, ವರ್ಷದಲ್ಲಿ ಮುನ್ನೂರೈವತ್ತು ದಿನಕ್ಕೂ ಹೆಚ್ಚಾಗಿ ಬಟ್ಟೆ ಸುತ್ತಿಕೊಂಡು ಅಟ್ಟದಲ್ಲಿ ಮಲಗಿರುತ್ತವೆ. ಉಪಯೋಗದ ಲೆಕ್ಕ ಹಾಕುವವನು ಇವನ್ನು ಮೊದಲು ಹೊರಗೆ ಹಾಕುತ್ತಾನೆ. ಆದರೆ ಪಾಡ್ಯದ ದಿನ ಗಂಟು ಬಿಚ್ಚಿದಾಗ ಮನೆಯ ಮಕ್ಕಳ ಮುಖವನ್ನು ನೋಡಬೇಕು! ಇವು ಪ್ರತಿದಿನವೂ ಷೋಕೇಸಿನಲ್ಲಿ ನಿಂತಿದ್ದರೆ ಆ ಮುಖದ ಬೆಳಕು ಬರುತ್ತಿತ್ತೆ? ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳೂ ಹಾಗೆಯೇ. ಹಿಂತಿರುಗಿ ಬರತಕ್ಕ ವಸ್ತುವಿಗೆ ಅಟ್ಟ ಬೇಕು. ಮರಳಿ ಬಾರದ ವಸ್ತುವಿಗೆ ಅದು ಗೋರಿ. ಆ ಗೋರಿಗಳ ಕೆಳಗೆ ಬೊಂಬೆಯ ಪೆಟ್ಟಿಗೆ ಸಿಕ್ಕಿಬಿದ್ದು, ಅದನ್ನು ತೆಗೆಯುವ ಶ್ರಮಕ್ಕೆ ಅಂಜಿ, ಬೊಂಬೆ ಕೂರಿಸುವುದನ್ನೇ ಬಿಟ್ಟ ಮನೆಗಳುಂಟು.

ಋತುವಿನ ಸಂತೋಷಗಳಿಗೆ ಹಣ ಹೆಚ್ಚು ಬೇಡ, ಖಾಲಿ ಜಾಗ ಬೇಕು. ಬೇಸಗೆಯಲ್ಲಿ ಬೂದುಗುಂಬಳದ ಸಂಡಿಗೆ ಇಡಲು ಮಹಡಿಯ ಮೇಲೆ ಒಂದು ಪಂಚೆ ಹಾಸುವಷ್ಟು ತೆರಪು ಬೇಕು. ಅಲ್ಲಿ ಮುರಿದ ಕುರ್ಚಿಗಳಿದ್ದರೆ ಸಂಡಿಗೆಯನ್ನು ಅಂಗಡಿಯಿಂದ ತರಬೇಕಾಗುತ್ತದೆ. ಕಾಗೆಯನ್ನು ಓಡಿಸಲು ಕೂತ ಹುಡುಗರು ಅರೆ ಒಣಗಿದ ಸಂಡಿಗೆಯನ್ನು ಕದ್ದು ತಿನ್ನುವ ರುಚಿ ಅಂಗಡಿಯ ಪೊಟ್ಟಣದಲ್ಲಿ ಬಾರದು. ಮೇ ಜೂನ್ ತಿಂಗಳ ರಸಪುರಿ ಮಾವಿನ ಹಣ್ಣಿಗೆ ಹುಲ್ಲಿನ ಹಾಸಿಗೆಯೂ ಕೋಣೆಯ ಒಂದು ಮೂಲೆಯೂ ಸಾಕು. ಹಣ್ಣಾದಂತೆಲ್ಲ ಮನೆಗೆ ಮನೆಯೇ ಕಮ್ಮಗಾಗುತ್ತದೆ, ಸೀಕರಣೆ ಆಮೇಲಿನ ಮಾತು.

ನಮ್ಮ ಸೀಮೆಯ ಚಳಿಗಾಲವೆಂದರೆ ಅವರೆಕಾಯಿ. ಇದರಲ್ಲಿ ತಿಳಿಯತಕ್ಕ ಸಂಗತಿಯೊಂದಿದೆ. ನಾಟಿ ಅವರೆಯ ಬಳ್ಳಿ ಹಗಲು ಕುಗ್ಗುವ ತನಕ ಹೂ ಬಿಡುವುದಿಲ್ಲ. ಎಷ್ಟು ಗೊಬ್ಬರ ನೀರು ಹಾಕಿದರೂ ಸೂರ್ಯನ ಗಡಿಯಾರ ನೋಡಿಯೇ ಅದು ಕೆಲಸಕ್ಕೆ ತೊಡಗುತ್ತದೆ. ಆದ್ದರಿಂದಲೇ ಕಾಯಿಯ ಕಾಲ ಮಂಜಿನ ಕಾಲಕ್ಕೆ ಸರಿಯಾಗಿ ಬೀಳುವುದು. ಸಿಪ್ಪೆಯ ಮೇಲಿನ ಜಿಡ್ಡಿನ ಪರಿಮಳಕ್ಕೆ ಸೊಗಡು ಎಂದು ಹೆಸರು. ಕಾಯಿ ಬಿಡಿಸಿದ ಬೆರಳಿನಲ್ಲಿ ಅದು ಸಂಜೆಯವರೆಗೂ ಇರುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂದು ರೈತರ ಮಾತು. ಹಗಲಿನ ಹಂಗಿಲ್ಲದೆ ವರ್ಷವೆಲ್ಲ ಫಲ ಕೊಡತಕ್ಕ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬೆಳೆಸಿಕೊಟ್ಟಿದ್ದಾರೆ. ರೈತನ ಕೈಗೆ ಎಲ್ಲ ಕಾಲದಲ್ಲಿಯೂ ನಾಲ್ಕು ಕಾಸು ಬರಲೆಂಬ ಆ ಪ್ರಯತ್ನವನ್ನು ಹಳಿಯತಕ್ಕದ್ದಲ್ಲ. ತಿನ್ನುವವನ ನಾಲಿಗೆಗೆ ಮಾತ್ರ ಪುಷ್ಯಮಾಸದ ಕಾಯಿಯೇ ಕಾಯಿ. ಆಷಾಢದಲ್ಲಿ ಸಿಕ್ಕಿದ್ದು ತರಕಾರಿ.

ಅವರೆಯ ಹಿದುಕುಬೇಳೆ ಒಬ್ಬರ ಕೈಯಲ್ಲಿ ಆಗುವ ಅಡಿಗೆಯಲ್ಲ. ಬಿಡಿಸಿದ ಕಾಳನ್ನು ನೀರಿನಲ್ಲಿ ನೆನೆಯಹಾಕಿ, ಸಿಪ್ಪೆ ಸಡಿಲಿದ ಮೇಲೆ ಒಂದೊಂದನ್ನೇ ಬೆರಳ ತುದಿಯಲ್ಲಿ ಹಿದುಕಬೇಕು. ಈ ಕೆಲಸವನ್ನು ಹೆಂಗಸರ ಪಾಲಿಗೆ ಬಿಟ್ಟು ಗಂಡಸರು ಊಟಕ್ಕೆ ಮಾತ್ರ ಬರುವ ಪದ್ಧತಿ ಅಷ್ಟೇನೂ ಸುಂದರವಲ್ಲ; ಅಟ್ಟ ತೆರವು ಮಾಡುವುದಕ್ಕೂ ಈ ಮಾತು ಸಲ್ಲುತ್ತದೆ. ನಡುಮನೆಯಲ್ಲಿ ಒಂದು ಚಾಪೆ ಹಾಸಿ, ನಡುವೆ ಬೋಗುಣಿ ಇಟ್ಟು, ಎಲ್ಲರೂ ಸುತ್ತ ಕುಳಿತರೆ ಎರಡು ಸೇರು ಕಾಳು ಮಾತಿನಲ್ಲಿಯೇ ಮುಗಿದುಹೋಗುತ್ತದೆ. ಹಿದುಕಿದ ಬೇಳೆ ಒಮ್ಮೊಮ್ಮೆ ಬೆರಳಿಂದ ಚಿಮ್ಮಿ ಎದುರಿನ ಗೋಡೆಗೆ ಹೊಡೆಯುವುದು, ಚಿಕ್ಕವರು ಬೇಕೆಂದೇ ಅದನ್ನು ಚಿಮ್ಮಿಸುವುದು, ದೊಡ್ಡವರು ಗದರಿಸುವಂತೆ ಮಾಡುವುದು, ಇವೆಲ್ಲ ನಡೆಯುವಷ್ಟು ನೆಲ ಅಲ್ಲಿ ಬರಿದಾಗಿದ್ದರೆ ಸರಿ. ಸಿಪ್ಪೆ ಅಂದೇ ರಾತ್ರಿ ಹಸುವಿಗೋ ಗೊಬ್ಬರದ ಗುಂಡಿಗೋ ಹೋಗುತ್ತದೆ. ಚಾಪೆ ಸುತ್ತಿ ಮೂಲೆಗೆ ಒರಗಿಸಿದರೆ ಮನೆ ಮತ್ತೆ ಖಾಲಿ.