ಮಾಂಜ್ರಾ ಸೇತುವೆಗಿಂತ ಹಳ್ಳದ ಮೋರಿಗೇ ಪೆಟ್ಟು

ಕಬ್ಬಿನ ಹಂಗಾಮು ಶುರುವಾದರೆ ಭಾಲ್ಕಿ ಸೀಮೆಯ ರಸ್ತೆಗಳಲ್ಲಿ ಲಾರಿ, ಟ್ರ್ಯಾಕ್ಟರುಗಳದೇ ದರ್ಬಾರು. ಒಂದು ಎಂಜಿನ್ನಿಗೆ ಎರಡೆರಡು ಟ್ರೇಲರ್. ಬೀದರ್‌ನಿಂದ ಔರಾದ್‌ಗೆ ಹೊರಟವರು ಮಾಂಜ್ರಾ ನದಿ ದಾಟುವಾಗ ತುಂಬಿದ ಲಾರಿ ಎದುರಾದರೆ, ಸೇತುವೆ ಸಣ್ಣಗೆ ನಡುಗಿದ್ದು ಕಾಲಿಗೆ ಗೊತ್ತಾಗುತ್ತದೆ. ಎದೆಯೂ ಒಮ್ಮೆ ಝಲ್ಲೆನ್ನುತ್ತದೆ. ನನ್ನ ಚಿಂತೆ ಆ ದೊಡ್ಡ ಸೇತುವೆಯದ್ದಲ್ಲ, ಅದಕ್ಕೂ ಮುಂಚೆ ನಾವು ಲೆಕ್ಕವಿಡದೆ ದಾಟಿಬಂದ ಮೋರಿಗಳದ್ದು.

ನಿಂತ ಲಾರಿಯ ಭಾರ ಬೇರೆ, ಓಡುವ ಲಾರಿಯ ಪೆಟ್ಟು ಬೇರೆ. ಸ್ಪ್ರಿಂಗಿನ ಮೇಲೆ ಕೂತ ಲಾರಿಯ ಮೈ ಸೆಕೆಂಡಿಗೆ 2ರಿಂದ 4 ಸಲ ಏಳುತ್ತ ಬೀಳುತ್ತ ಸಾಗುತ್ತದೆ. ಬಿದ್ದ ಗಳಿಗೆಯಲ್ಲಿ ಗಾಲಿ ತನ್ನ ತೂಕಕ್ಕಿಂತ ಜೋರಾಗಿ ಒತ್ತುತ್ತದೆ. ಈ ಹೆಚ್ಚುವರಿ ಏಟಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆಯಲ್ಲಿ ಲೆಕ್ಕವಿದೆ. 'ಕ್ಲಾಸ್ ಎ' ಎಂಬ ಮಾದರಿ ವಾಹನಗಳಿಗೆ ಕಾಂಕ್ರೀಟ್ ಸೇತುವೆ ಕಟ್ಟುವಾಗ, ಕಂಬದಿಂದ ಕಂಬಕ್ಕೆ ಎಷ್ಟು ಮೀಟರೋ ಅದಕ್ಕೆ 6 ಕೂಡಿಸಿ, ಬಂದದ್ದರಿಂದ 4.5ನ್ನು ಭಾಗಿಸಬೇಕು. 30 ಮೀಟರಿಗೆ ಶೇ 12.5 ಹೆಚ್ಚುವರಿ ಭಾರ, 12 ಮೀಟರಿಗೆ ಶೇ 25. 3 ಮೀಟರಿನ ಮೋರಿಗೆ? ಶೇ 50!

ಉದ್ದದ ಸೇತುವೆಗೆ ಮೈಭಾರವೇ ಜಾಸ್ತಿ. ಅದರ ಮೇಲೆ ಹಲವು ಆ್ಯಕ್ಸಲ್‌ಗಳು ಒಟ್ಟಿಗಿರುತ್ತವೆ, ಒಂದು ಕುಸಿದಾಗ ಇನ್ನೊಂದು ಎದ್ದಿರುತ್ತದೆ. ಮೋರಿಯ ಪಾಲಿಗೆ ಬರುವುದು ಒಂದೋ ಎರಡೋ ಆ್ಯಕ್ಸಲ್, ಹಂಚಿಕೊಳ್ಳಲು ಯಾರೂ ಇಲ್ಲ. ಮೇಲೆ ಎರಡಡಿ ಮಣ್ಣಿನ ಹೊದಿಕೆ ಇದ್ದರೆ ಸಂಹಿತೆ ಈ ಏಟನ್ನು ಅರ್ಧಕ್ಕಿಳಿಸುತ್ತದೆ. ಚಕ್ರ ನೇರ ಸ್ಲ್ಯಾಬಿನ ಮೇಲೇ ಉರುಳುವ ಕಡೆ ಆ ರಿಯಾಯಿತಿ ಇಲ್ಲ.

ಈ ಪೆಟ್ಟಿಗೆ ನಮ್ಮ ಮಣ್ಣಿನ ಕೊಡುಗೆಯೂ ಇದೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ, ಗಟ್ಟಿ ನೆಲ. ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ತೊಗರಿಗೆ, ಕಡಲೆಗೆ ಇಂಥ ಮಣ್ಣು ಬೇರೆ ಇಲ್ಲ. ರಸ್ತೆಗೆ ಇದರಷ್ಟು ಕಾಟ ಕೊಡುವುದೂ ಬೇರೆ ಇಲ್ಲ. ಮೋರಿ ಕದಲದೆ ನಿಂತರೂ ಅದಕ್ಕೆ ತಾಗಿದ ಏರಿ ತಗ್ಗುತ್ತದೆ. ಮೋರಿಯ ಬಾಯಲ್ಲಿ ಮೆಟ್ಟಿಲು ಏಳುತ್ತದೆ. ಲಾರಿ ಅಲ್ಲಿ ಜಿಗಿದು ಸರಿಯಾಗಿ ಸ್ಲ್ಯಾಬಿನ ಮೇಲೆಯೇ ಬೀಳುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಗಾಲಿಯ ಒಂಟಿ ಆ್ಯಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಮೇಲಿನ ಶೇ 50 ಸೇರಿಸಿದರೆ ಅದು 17 ಟನ್ ದಾಟುತ್ತದೆ. ಮಿತಿ ಬದಲಾಯಿತು, ಹಳೆಯ ಮೋರಿಗಳ ಸ್ಲ್ಯಾಬು ಅದೇ ಇದೆ.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಲಾರಿ ಸಮೇತ ಕುಸಿದಾಗ ನಾಡೆಲ್ಲ ಸುದ್ದಿಯಾಯಿತು. ಮೋರಿ ಬಿರುಕು ಬಿಟ್ಟರೆ ಪಕ್ಕದ ಹೊಲದವನಿಗೆ ಮಾತ್ರ ಗೊತ್ತು. ಏರಿಯ ತಗ್ಗು ತುಂಬಿಸಿ, ಡಾಂಬರು ಹಾಕಿ ಮಟ್ಟ ಮಾಡುವುದು ಒಂದೆರಡು ದಿನದ ಕೆಲಸ. ನಿಮ್ಮೂರ ಮೋರಿಯ ಮೇಲೆ ಗಾಡಿ ದಡಕ್ಕನೆ ಹಾರುತ್ತಿದ್ದರೆ ಲೋಕೋಪಯೋಗಿ ಇಲಾಖೆಗೋ ಪಂಚಾಯಿತಿಗೋ ಬರೆದು ಕೊಡಿ. ಕಬ್ಬಿನ ಲಾರಿ ರಸ್ತೆಗಿಳಿಯುವ ಮೊದಲೇ ಕೊಡಿ.