ಆನೆ ಅಗ್ಗಕ್ಕೆ ಸಿಕ್ಕಿತು, ಅಂಕುಶದ ಗತಿ?

ಮುಕ್ಕಾಲು ಕೋಟಿ ರೂಪಾಯಿ ಸುರಿದು ಷೋರೂಮಿನಿಂದ ಇಳಿಸಿದ ಜರ್ಮನ್ ಗಾಡಿ ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಹೊಸ ಇನ್ನೋವಾದ ಬೆಲೆಗೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ಆಡಿ ಕ್ಯೂ7, ಬಿಎಂಡಬ್ಲ್ಯು ಎಕ್ಸ್5, ಮರ್ಸಿಡಿಸ್ ಎಂಎಲ್ ಎಂಬ ಹೆಸರುಗಳೇ ಸಾಕು, ಮನಸ್ಸು ಮೆತ್ತಗಾಗುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದ ಮೇಲಂತೂ ಅತ್ತ ಕಡೆಯ ಗಾಡಿಗಳು ಸಾಲುಗಟ್ಟಿ ದಕ್ಷಿಣಕ್ಕೆ ಮುಖ ಮಾಡಿದವು. ಬೆಂಗಳೂರಿನ ಬಡಾವಣೆಗಳಲ್ಲೂ ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲೂ ಇಂದು ಇಂತಹ ಎರಡನೆಯ ಕೈ ಗಾಡಿಗಳು ಬೇಕಾದಷ್ಟಿವೆ.

ಮಾರುವವರು ಹೇಳದ ಮಾತೊಂದಿದೆ. ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನೀವು ಹದಿನೈದು ಲಕ್ಷ ಕೊಟ್ಟು ತಂದಿರಬಹುದು. ಅದರ ಗೇರ್‌ಬಾಕ್ಸಿಗೆ, ಟರ್ಬೊಗೆ, ಹೆಡ್‌ಲೈಟಿಗೆ ಅದು ಗೊತ್ತಿಲ್ಲ. ಅವು ಈಗಲೂ ಮುಕ್ಕಾಲು ಕೋಟಿಯ ಗಾಡಿಯ ಅಂಗಗಳೇ. ಒಂದೇ ಒಂದು ದೊಡ್ಡ ಕೆಲಸ ಬಂದರೆ ಗಾಡಿಯ ಬೆಲೆಯ ಮೂರರಲ್ಲೊಂದು ಪಾಲು ಗ್ಯಾರೇಜಿನಲ್ಲೇ ಉಳಿಯುತ್ತದೆ. ಹೀಗಾಗಿ ಅರ್ಧ ದಾರಿಯಲ್ಲಿ ಕೈಬಿಟ್ಟು, ಹೊದಿಕೆ ಹೊದಿಸಿ ಮನೆ ಮುಂದೆ ನಿಲ್ಲಿಸಿದ ಗಾಡಿಗಳನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಉಳಿತಾಯ ಎಲ್ಲಿ? ಎಣ್ಣೆಯಲ್ಲಂತೂ ಅಲ್ಲ. ಹೆಚ್ಚಿನವರು ಉಳಿಸಲು ಹೊರಡುವುದು ಮಾತ್ರ ಅಲ್ಲಿಂದಲೇ! ಈ ಎಂಜಿನ್‌ಗಳಿಗೆ ಡಬ್ಬದ ಮೇಲೆ 5ಡಬ್ಲ್ಯು-30 ಎಂದಿದ್ದರಷ್ಟೇ ಸಾಲದು. ಬಿಎಂಡಬ್ಲ್ಯು ಡೀಸೆಲ್‌ಗಾದರೆ ಲಾಂಗ್‌ಲೈಫ್-04, ಮರ್ಸಿಡಿಸ್‌ಗೆ 229.51, ಆಡಿ ಮತ್ತು ಫೋಕ್ಸ್‌ವ್ಯಾಗನ್‌ಗೆ 507.00 ಎಂಬ ಒಪ್ಪಿಗೆಯ ಸಂಖ್ಯೆ ಡಬ್ಬದ ಹಿಂಬದಿಯಲ್ಲಿರಬೇಕು. ಹೊಗೆಯ ಮಸಿ ಹಿಡಿಯುವ ಡೀಸೆಲ್ ಫಿಲ್ಟರ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಆಗಬೇಕು. ಇಲ್ಲವಾದರೆ ಎಣ್ಣೆಯಲ್ಲಿ ಉಳಿದ ಎರಡು ಸಾವಿರ ಫಿಲ್ಟರಿನಲ್ಲಿ ಲಕ್ಷದ ಮಾತಾಗುತ್ತದೆ. ಆದರೆ ಅದೇ ಸಂಖ್ಯೆಯ ಎಣ್ಣೆಯನ್ನು ಕಂಪನಿಯ ಮುದ್ರೆಯಿಲ್ಲದ ಡಬ್ಬದಲ್ಲಿ ಹೊರಗೆ ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಉಳಿತಾಯ ಅಲ್ಲಿದೆ. ನಮ್ಮ ಧೂಳು, ಸಿಲ್ಕ್ ಬೋರ್ಡಿನಂತಹ ಟ್ರಾಫಿಕ್ಕುಗಳನ್ನು ನೆನೆದರೆ, ಗಾಡಿಯ ಪರದೆ ಸರ್ವಿಸ್ ಕೇಳುವವರೆಗೆ ಕಾಯದೆ ಹತ್ತು ಸಾವಿರ ಕಿ.ಮೀ.ಗೊಮ್ಮೆ ಎಣ್ಣೆ ಬದಲಿಸುವುದು ಲೇಸು.

ಗೇರ್‌ಬಾಕ್ಸಿನ ಕತೆ ಇನ್ನೂ ಸ್ವಾರಸ್ಯ. ಬಿಎಂಡಬ್ಲ್ಯು, ಲ್ಯಾಂಡ್ ರೋವರ್ ಮುಂತಾದ ಗಾಡಿಗಳಲ್ಲಿರುವ ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ರೂಪಿಸಿದ್ದು ಜರ್ಮನಿಯ ಝಡ್‌ಎಫ್ ಎಂಬ ಕಂಪನಿ. ಇದರ ಎಣ್ಣೆ ‘ಜೀವಮಾನಪೂರ್ತಿ’ ಇರುತ್ತದೆ, ಬದಲಿಸಬೇಕಿಲ್ಲ ಎಂದು ಕಾರು ಕಂಪನಿಗಳು ಹೇಳಿಕೊಂಡು ಬಂದವು. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ಮಾತ್ರ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಯಾರ ಜೀವಮಾನ ಎಂದು ನೀವೇ ಕೇಳಿಕೊಳ್ಳಿ. ಮೊದಲ ಯಜಮಾನನ ಪಾಲಿಗೆ ಅದು ಸರಿಯಿರಬಹುದು, ಎರಡನೆಯವನ ಪಾಲಿಗಲ್ಲ. ಈ ಗೇರ್‌ಬಾಕ್ಸಿನ ತಳದ ಪ್ಲಾಸ್ಟಿಕ್ ತಟ್ಟೆಯಲ್ಲೇ ಫಿಲ್ಟರ್ ಸೇರಿಕೊಂಡಿರುವುದರಿಂದ ತಟ್ಟೆಯನ್ನೂ ಬದಲಿಸಬೇಕು. ಖರ್ಚು ಹಗುರವೇನಲ್ಲ. ಆದರೆ ಹೊಸ ಗೇರ್‌ಬಾಕ್ಸಿನ ಮುಂದೆ ಅದು ಏನೇನೂ ಅಲ್ಲ. ಹಳೆ ಗಾಡಿ ಕೊಂಡ ಮೊದಲ ತಿಂಗಳಲ್ಲೇ ಮಾಡಿಸಬೇಕಾದ ಕೆಲಸ ಯಾವುದೆಂದರೆ ನಾನು ಇದನ್ನೇ ಹೇಳುವುದು.

ಇನ್ನು ಬಿಡಿಭಾಗ. ಯಾವ ಕಾರು ಕಂಪನಿಯೂ ತನ್ನ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ. ಸಸ್ಪೆನ್ಷನ್ ತೋಳುಗಳು ಲೆಮ್‌ಫೋರ್ಡರ್‌ನವು, ಫಿಲ್ಟರ್ ಮಾನ್ ಅಥವಾ ಮಾಹ್ಲೆಯದು, ಇಂಜೆಕ್ಟರ್ ಬಾಷ್‌ನದು ಆಗಿರಬಹುದು. ಎಷ್ಟೋ ವೇಳೆ ಅದೇ ವಸ್ತು ಒಂದು ಪೆಟ್ಟಿಗೆಯಲ್ಲಿ ನಕ್ಷತ್ರದ ಚಿಹ್ನೆ ಹೊತ್ತು, ಇನ್ನೊಂದರಲ್ಲಿ ತಯಾರಕನ ಹೆಸರು ಹೊತ್ತು ಬರುತ್ತದೆ. ಎರಡನೆಯ ಪೆಟ್ಟಿಗೆಯದು ಅಗ್ಗ. ಇನ್ನೊಂದು ಉಪಾಯ ನೆಂಟಸ್ತಿಕೆಯದು. ಮೊದಲ ತಲೆಮಾರಿನ ಆಡಿ ಕ್ಯೂ7, ಪೋರ್ಷೆ ಕಯೆನ್, ಫೋಕ್ಸ್‌ವ್ಯಾಗನ್ ಟೊರೆಗ್ ಮೂರೂ ಒಂದೇ ಅಡಿಪಾಯದ ಮೇಲೆ ಎದ್ದ ಗಾಡಿಗಳು. ಹೀಗಾಗಿ ಹೆಸರು ಹಿಡಿದು ಹೋಗಬೇಡಿ, ಭಾಗದ ಸಂಖ್ಯೆ ಹಿಡಿದು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ‘ಪೋರ್ಷೆಯದು ಕೊಡಿ’ ಎಂದರೆ ಒಂದು ಬೆಲೆ, ಬರೇ ಸಂಖ್ಯೆ ಬರೆದ ಚೀಟಿ ಕೊಟ್ಟರೆ ಬೇರೆಯೇ ಬೆಲೆ ಬಂದೀತು. ನಕಲಿ ಮಾಲೂ ಅಲ್ಲೇ ಪಕ್ಕದಲ್ಲಿ ಕುಳಿತಿರುತ್ತದೆ, ಮರೆಯಬೇಡಿ. ಬಿಲ್ ಕೊಡದ ಅಂಗಡಿಯಿಂದ ಬ್ರೇಕ್ ಪ್ಯಾಡ್ ತರುವುದು ಉಳಿತಾಯವಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ಇಳಿದದ್ದರಿಂದ ಬಿಲ್ ಬೇಡ ಎನ್ನುವ ನೆಪವೂ ಸ್ವಲ್ಪ ದುರ್ಬಲವಾಗಿದೆ.

ಹೊರಗಿನ ಗ್ಯಾರೇಜಿಗೆ ಹೋದರೆ ಏನಾದರೂ ಆದೀತೇ ಎಂಬ ಭಯ ಹಲವರಿಗೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಈ ವಿಷಯದಲ್ಲೇ 14 ಕಾರು ಕಂಪನಿಗಳ ಮೇಲೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ಹೇರಿತ್ತು. ಬಿಡಿಭಾಗಗಳನ್ನು, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಾರೆಂಬುದು ಆರೋಪ. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಮಾತು. ವಾರಂಟಿ ಇರುವಷ್ಟು ದಿನ ಕಂಪನಿಯ ಸರ್ವಿಸ್‌ಗೇ ಹೋಗಿ, ಅಲ್ಲಿ ಜಗಳ ಕಾಯುವುದರಲ್ಲಿ ಲಾಭವಿಲ್ಲ. ವಾರಂಟಿ ಮುಗಿದ ಮೇಲೆ, ನಿಮ್ಮ ಗಾಡಿಯ ಜಾತಿಯನ್ನೇ ನಾಲ್ಕೈದು ವರ್ಷ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಒಬ್ಬನನ್ನು ಹಿಡಿದುಕೊಳ್ಳಿ. ಅವನ ಬಳಿ ಆ ಕಂಪನಿಗೇ ಒಗ್ಗುವ ಸ್ಕ್ಯಾನರ್ ಇದೆಯೇ ಎಂದು ಮೊದಲು ಕೇಳಿ. ಈಗಿನ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಬೇಕಾದರೂ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕನ್ನು ಸ್ಕ್ಯಾನರಿನಿಂದಲೇ ಸಡಿಲಿಸಬೇಕು. ಬ್ಯಾಟರಿ ಬದಲಿಸಿದರೆ ಕಂಪ್ಯೂಟರಿಗೆ ತಿಳಿಸಬೇಕು. ಸುತ್ತಿಗೆ, ಸ್ಪ್ಯಾನರ್ ಮಾತ್ರ ಇರುವವನು ಎಷ್ಟೇ ಒಳ್ಳೆಯವನಾದರೂ ಈ ಗಾಡಿಗೆ ಆಗಿಬರುವುದಿಲ್ಲ.

ಗಾಳಿಯ ಸಸ್ಪೆನ್ಷನ್ ಇರುವವರಿಗೆ ಒಂದು ಟೇಪಿನ ಪರೀಕ್ಷೆ ಹೇಳುತ್ತೇನೆ. ರಾತ್ರಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಆ ರಬ್ಬರ್ ಚೀಲ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹಾಗೇ ಬಿಟ್ಟರೆ, ಸೋರಿದ ಗಾಳಿ ತುಂಬಲು ಕಂಪ್ರೆಸರ್ ಹಗಲಿಡೀ ದುಡಿದು ಕೊನೆಗೆ ಸುಟ್ಟುಹೋಗುತ್ತದೆ. ಆಗ ಒಂದು ಚೀಲದ ಖರ್ಚಿಗೆ ಕಂಪ್ರೆಸರಿನದೂ ಸೇರುತ್ತದೆ. ಟೇಪಿಗೆ ಐವತ್ತು ರೂಪಾಯಿ.

ಟೈರಿನ ವಿಷಯದಲ್ಲಿ ನಮ್ಮವರ ಜಾಣತನವೇ ಮುಳುವಾಗುವುದುಂಟು. ‘ಎರಡು ಸವೆದಿವೆ, ಎರಡೇ ಹಾಕಿ’ ಎನ್ನುತ್ತೇವೆ. ಸದಾ ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿಯಲ್ಲಿ ಹೊಸ ಟೈರಿನ ಸುತ್ತಳತೆ ಹಳೆಯದಕ್ಕಿಂತ ಹೆಚ್ಚು. ಆ ವ್ಯತ್ಯಾಸ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಇಡೀ ದಾರಿ ಉಜ್ಜುತ್ತಲೇ ಇರುತ್ತದೆ. ನಾಲ್ಕನ್ನೂ ಒಟ್ಟಿಗೆ, ಒಂದೇ ಮಾದರಿಯವನ್ನು ಹಾಕಿಸಿ. ಮುಂದೆ ಹಿಂದೆ ಬೇರೆ ಅಳತೆ ಇರುವ ಗಾಡಿಗೆ ಕಂಪನಿ ಹೇಳಿದ ಅಳತೆಯನ್ನೇ. ಪಂಕ್ಚರಾದರೂ ಓಡುವ ರನ್‌ಫ್ಲಾಟ್ ಟೈರು ದುಬಾರಿ, ನಮ್ಮ ಗುಂಡಿಗಳಲ್ಲಿ ಗಡುಸು ಕೂಡ. ಅದನ್ನು ಬಿಟ್ಟು ಮಾಮೂಲಿ ಟೈರು ಹಾಕಿಸುವವರು ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಮಳೆಗಾಲದ ಮಾತು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ಕುತ್ತಿಗೆಮಟ್ಟ ಮುಳುಗಿದ್ದು ನೆನಪಿರಬಹುದು. ನೀರು ಹೊಕ್ಕ ಎಂಜಿನನ್ನು ಸ್ಟಾರ್ಟ್ ಮಾಡಲು ನೋಡಿದರೆ ಒಳಗಿನ ಕನೆಕ್ಟಿಂಗ್ ರಾಡೇ ಬಾಗಬಹುದು, ಅದಕ್ಕೆ ಸಾಮಾನ್ಯ ವಿಮೆ ಹಣ ಕೊಡದೆ ಹೋಗಬಹುದು. ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿ. ಮಾಮೂಲಿ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧದಷ್ಟೇ ಹಣ ಬರುತ್ತದೆಂಬುದೂ ಗೊತ್ತಿರಲಿ. ಈ ಗಾಡಿಗಳ ಬಂಪರಿನ ಬೆಲೆ ಕೇಳಿದರೆ ಅದರ ಅರ್ಥವಾಗುತ್ತದೆ.

ಮುಳುಗಲು ಪ್ರವಾಹವೇ ಬೇಕಿಲ್ಲ. ಹೊಂಗೆ, ಗುಲ್‌ಮೊಹರ್ ಮರದಡಿ ನಿಲ್ಲಿಸಿದ ಗಾಡಿಯ ಸನ್‌ರೂಫ್ ಕೊಳವೆಗಳಲ್ಲಿ, ವೈಪರಿನ ಕೆಳಗಿನ ತೊಟ್ಟಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಒಳಕ್ಕೇ ಇಳಿಯುತ್ತದೆ. ಹಳೆಯ ಕ್ಯೂ7ನಲ್ಲಿ ಬ್ಯಾಟರಿ ಇರುವುದು ಮುಂದಿನ ಆಸನದ ಕೆಳಗೆ. ಕಾರ್ಪೆಟ್ ಒದ್ದೆಯಾಯಿತೆಂದು ನೀವು ಗಮನಿಸುವಷ್ಟರಲ್ಲಿ ವೈರಿಂಗಿಗೆ ತುಕ್ಕು ಹಿಡಿದಿರುತ್ತದೆ. ತಿಂಗಳಿಗೊಮ್ಮೆ ಎಲೆ ಆರಿಸಿ ತೆಗೆಯಲು ಹತ್ತು ನಿಮಿಷ ಸಾಕು. ತೋಟದ ಮನೆಯವರು ಬಾನೆಟ್ಟನ್ನೂ ವಾರಕ್ಕೊಮ್ಮೆ ಎತ್ತಿ ನೋಡುವುದು ಒಳಿತು. ಇಲಿಗಳಿಗೆ ಜರ್ಮನ್ ವೈರೂ ಒಂದೇ, ಜೀಪಿನ ವೈರೂ ಒಂದೇ; ರಿಪೇರಿಯ ಬಿಲ್ಲು ಮಾತ್ರ ಬೇರೆ.