ನಿವೃತ್ತರ ಹಣವೂ ಪೇಟೆಯ ಧಾರಣೆಯೂ

ವೃದ್ಧಾಪ್ಯಕ್ಕೆಂದು ಕೂಡಿಡುವ ಹಣ ಅಂಚೆ ಕಚೇರಿಯ ಪಾಸ್‌ಬುಕ್ಕನ್ನು ದಾಟಿ ಷೇರುಪೇಟೆಯನ್ನು ಪ್ರವೇಶಿಸಿದಂದಿನಿಂದ, ಅರಸೀಕೆರೆ ಜಂಕ್ಷನ್ನಿನ ರೈಲ್ವೆ ನೌಕರರಾಗಲಿ, ಬೇಲೂರು ಹಳೇಬೀಡುಗಳ ಉಪಾಧ್ಯಾಯರಾಗಲಿ, ಸಂಬಳದ ಚೀಟಿಯಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಕಡಿತವನ್ನು ಕಾಣುವ ಯಾರೇ ಆಗಲಿ, ಪರಸ್ಪರ ವಿರುದ್ಧವಾದ ಎರಡು ಮಾತುಗಳನ್ನು ಏಕಕಾಲದಲ್ಲಿ ಕೇಳುವಂತಾಗಿದೆ. ನಮ್ಮಂಥವರ ಪುಡಿಗಾಸಿನಿಂದ ಮುಂಬಯಿಯ ಪೇಟೆಯಲ್ಲಿ ಎಲೆಯೂ ಅಲುಗದು ಎಂಬುದು ಒಂದು. ನಾವು ಲಕ್ಷಾಂತರ ಮಂದಿ ಒಗ್ಗೂಡಿದರೆ ಪೇಟೆಯನ್ನು ಬೇಕಾದಂತೆ ಎತ್ತಬಹುದು, ಬೀಳದಂತೆ ಹಿಡಿಯಬಹುದು ಎಂಬುದು ಇನ್ನೊಂದು. ಇವೆರಡೂ ಅಸತ್ಯವೆಂದೇ ನನ್ನ ನಿಶ್ಚಿತ ಅಭಿಪ್ರಾಯ. ಎರಡನೆಯದಂತೂ ಬಡವರ ಉಳಿತಾಯಕ್ಕೆ ಅಪಾಯಕಾರಿಯಾದ ಅಸತ್ಯ.

ಮೊದಲು ಹಣದ ಪ್ರಮಾಣವನ್ನು ವಿವೇಚಿಸೋಣ. ಭವಿಷ್ಯನಿಧಿಯ ಹಣವೆಲ್ಲವೂ ಷೇರುಗಳಲ್ಲಿದೆಯೆಂದು ತಿಳಿದವರು ಬಹಳ. ಆದರೆ ಭವಿಷ್ಯನಿಧಿ ಸಂಘಟನೆಯು 2015ರ ಆಗಸ್ಟ್‌ನಲ್ಲಿ ಸೂಚ್ಯಂಕಾಧಾರಿತ ಇಟಿಎಫ್‌ಗಳ ಮೂಲಕ ಪೇಟೆಯನ್ನು ಪ್ರವೇಶಿಸಿದಾಗ, ಹೊಸದಾಗಿ ಹರಿದುಬರುವ ಹಣದಲ್ಲಿ ಶೇಕಡಾ 5ನ್ನು ಮಾತ್ರ ಅದಕ್ಕೆ ಮೀಸಲಿಟ್ಟಿತು. 2017ರ ವೇಳೆಗೆ ಅದು ಶೇಕಡಾ 15ಕ್ಕೆ ಏರಿತು. ಮಿಕ್ಕುದು ಬಹುಪಾಲು ಸರ್ಕಾರೀ ಸಾಲಪತ್ರಗಳಲ್ಲಿ ಮತ್ತು ಬಾಂಡುಗಳಲ್ಲಿದೆ. 2004ರ ಜನವರಿ 1ರ ತರುವಾಯ ಸೇರಿದ ರೈಲ್ವೆ ನೌಕರನ ಎನ್‌ಪಿಎಸ್ ಖಾತೆಯಲ್ಲಿಯೂ, ಅವನು ಬೇರೊಂದು ಆಯ್ಕೆಯನ್ನು ಮಾಡದಿದ್ದಲ್ಲಿ, ಷೇರಿನ ಪಾಲು ಬಹುಕಾಲ ಶೇಕಡಾ 15ರ ಮಿತಿಯೊಳಗೇ ಇದ್ದಿತು. ಹೀಗಿದ್ದರೂ, ತಿಂಗಳು ತಪ್ಪದೆ ಬರುವ ಈ ಹಣ, ಮ್ಯೂಚುವಲ್ ಫಂಡುಗಳಿಗೆ ಎಸ್‌ಐಪಿ ಎಂಬ ನಿಯತ ಕಂತುಗಳ ಮೂಲಕ ಬರುವ ಹಣದೊಡನೆ ಸೇರಿ, ಅಲ್ಪವೆನ್ನಲಾಗದ ಪ್ರವಾಹವಾಗಿದೆ. ಪುಡಿಗಾಸಿನ ಮಾತು ಇಲ್ಲಿಗೇ ಸಡಿಲಗೊಳ್ಳುತ್ತದೆ.

ಹಾಗಾದರೆ ಈ ಪ್ರವಾಹಕ್ಕೆ ಪೇಟೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಉಂಟೇ? 2024ರ ಅಕ್ಟೋಬರ್ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು. ಆ ತಿಂಗಳು ಎಸ್‌ಐಪಿ ಹಣ ಮೊದಲ ಬಾರಿಗೆ 25,000 ಕೋಟಿ ರೂಪಾಯಿಗಳನ್ನು ಮೀರಿತು. ವಿದೇಶೀ ಹೂಡಿಕೆದಾರರು ಸುಮಾರು 94,000 ಕೋಟಿ ರೂಪಾಯಿಗಳಷ್ಟು ಹಣವನ್ನು ಷೇರುಗಳಿಂದ ಹಿಂತೆಗೆದರು. ದೇಶೀಯ ಸಂಸ್ಥೆಗಳು ಆ ಮಾರಾಟವನ್ನು ಬಹುತೇಕ ಸರಿಗಟ್ಟುವಷ್ಟು ಕೊಂಡವು. ಆದರೂ ನಿಫ್ಟಿ ಸೂಚ್ಯಂಕ ಆ ಒಂದೇ ತಿಂಗಳಲ್ಲಿ ಸುಮಾರು ಶೇಕಡಾ 6ರಷ್ಟು ಇಳಿಯಿತು; ಸೆಪ್ಟೆಂಬರ್ 27ರಂದು 26,277ರ ಶಿಖರವನ್ನು ಮುಟ್ಟಿದ್ದುದು ಮುಂದಿನ ಮಾರ್ಚ್ ಆರಂಭಕ್ಕೆ 22,100ರ ಕೆಳಗೆ ಬಂದಿತು. ಕೊಳ್ಳುವವರು ಅಷ್ಟು ಮಂದಿ ಇದ್ದೂ ಬೆಲೆ ಏಕೆ ಕುಸಿಯಿತೆಂದು ಕೇಳುವವರು, ಪ್ರತಿಯೊಂದು ಮಾರಾಟಕ್ಕೂ ಒಬ್ಬ ಖರೀದಿದಾರ ಇದ್ದೇ ಇರುತ್ತಾನೆಂಬುದನ್ನೂ, ಪ್ರಶ್ನೆ ಅವನು ಯಾವ ಬೆಲೆಗೆ ಒಪ್ಪುತ್ತಾನೆಂಬುದೊಂದೇ ಎಂಬುದನ್ನೂ ಮರೆಯುತ್ತಾರೆ. ನಮ್ಮ ಉಳಿತಾಯಗಾರರು ಇರದಿದ್ದರೆ ಪತನ ಇನ್ನೂ ತೀವ್ರವಾಗುತ್ತಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪತನದ ವೇಗವನ್ನು ತಗ್ಗಿಸುವುದು ಬೇರೆ, ಪತನವನ್ನೇ ತಡೆಯುವುದು ಬೇರೆ.

ಈ ತತ್ತ್ವವನ್ನು ಅರಸೀಕೆರೆಯವರಿಗೆ ಮುಂಬಯಿಯಿಂದ ಬಂದು ಯಾರೂ ಬೋಧಿಸಬೇಕಾದುದಿಲ್ಲ. ಎಪಿಎಂಸಿ ಪ್ರಾಂಗಣದಲ್ಲಿ ಉಂಡೆಕೊಬ್ಬರಿಯ ಧಾರಣೆಯನ್ನು ನಿರ್ಣಯಿಸುವುದು ತಾಲ್ಲೂಕಿನ ಮನೆಮನೆಗಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುತ್ತಿರುವ ಕಾಯಿರಾಶಿಯಲ್ಲ. ಆ ದಿನ ಅಟ್ಟದಿಂದಿಳಿದು, ಸುಲಿದು, ಮೂಟೆಯಾಗಿ ಟೆಂಡರಿಗೆ ಬಂದ ಲಾಟುಗಳು, ಮತ್ತು ಆ ದಿನ ವರ್ತಕರ ಕೈಯಲ್ಲಿರುವ ಬೇಡಿಕೆ. 2025ರ ಹಂಗಾಮಿಗೆ ಕೇಂದ್ರವು ಉಂಡೆಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದಿತು. ಕಾಯಿ ಕಡಮೆಯಾದ ಆ ವರ್ಷದ ನಡುವಿನಲ್ಲಿ ಪಕ್ಕದ ತಿಪಟೂರಿನ ಪೇಟೆಯಲ್ಲಿ ಧಾರಣೆ ಅದರ ಇಮ್ಮಡಿಯನ್ನೂ ಮೀರಿತು. ಆದರೆ ಧಾರಣೆ ಏರಿತೆಂದು ಎಲ್ಲರೂ ಒಂದೇ ದಿನ ಅಟ್ಟವನ್ನು ಬರಿದುಮಾಡಿದರೆ, ಏರಿದ ಧಾರಣೆ ಅದೇ ದಿನ ಅವರ ಕಣ್ಣೆದುರಿನಲ್ಲಿಯೇ ಇಳಿಯುವುದು. ಷೇರುಪೇಟೆಯೂ ಹೀಗೆಯೇ: ಬೆಲೆಯನ್ನು ಅಲುಗಿಸುವುದು ಸಂಗ್ರಹದ ಗಾತ್ರವಲ್ಲ, ಒಂದೇ ಗಳಿಗೆಯಲ್ಲಿ ಒಂದೇ ದಿಕ್ಕಿಗೆ ನುಗ್ಗುವ ಚಲನೆ.

ಆ ಚಲನೆಗೆ ದೂರದ ಚಿಲಿ ದೇಶದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಅಲ್ಲಿನ ಪಿಂಚಣಿದಾರರು ತಮ್ಮ ಹಣವನ್ನು ಷೇರುಪ್ರಧಾನವಾದ ‘ಎ’ ಫಂಡಿನಿಂದ ಸಾಲಪತ್ರಪ್ರಧಾನವಾದ ‘ಇ’ ಫಂಡಿನವರೆಗೆ ಐದು ಫಂಡುಗಳ ನಡುವೆ ವರ್ಗಾಯಿಸಿಕೊಳ್ಳಬಹುದಾಗಿತ್ತು. 2011ರಲ್ಲಿ ಹುಟ್ಟಿದ ‘ಫೆಲಿಸೆಸ್ ಇ ಫೋರ್ರಾಡೋಸ್’ ಎಂಬ ಸಂಸ್ಥೆ, ಚಂದಾ ಕೊಟ್ಟವರಿಗೆ ಇಂದು ಇಲ್ಲಿಂದ ಅಲ್ಲಿಗೆ ಬದಲಿಸಿರೆಂದು ಇ-ಮೇಲ್ ಮೂಲಕ ಆದೇಶಪ್ರಾಯವಾದ ಸಲಹೆಯನ್ನು ಕಳುಹಿಸತೊಡಗಿತು. ಜನ ಅದನ್ನು ಸಾಮೂಹಿಕವಾಗಿ ಪಾಲಿಸಿದರು. ಈ ವರ್ಗಾವಣೆಗಳು ದೇಶದ ಷೇರುಬೆಲೆಗಳನ್ನು ನಿಜವಾಗಿಯೂ ಅಲುಗಿಸಿದುವೆಂದೂ, ಆ ಅಲುಗಾಟ ಬಹುಪಾಲು ತಾತ್ಕಾಲಿಕವೆಂದೂ, ಯಾವ ಹೊತ್ತಿನಲ್ಲಿ ಹಣ ಕೇಳಿಬರುವುದೋ ಎಂಬ ಭಯದಿಂದ ಫಂಡುಗಳು ಹೆಚ್ಚು ನಗದನ್ನು ಇಟ್ಟುಕೊಳ್ಳಬೇಕಾಯಿತೆಂದೂ 2018ರಲ್ಲಿ ಪ್ರಕಟವಾದ ವಿದ್ವಾಂಸರ ಅಧ್ಯಯನವೊಂದು ತೋರಿಸಿತು. ಸಮೂಹಕ್ಕೆ ಶಕ್ತಿಯಿಲ್ಲವೆಂಬ ಮಾತು ಇದರಿಂದ ಖಂಡಿತವಾಯಿತು. ಆದರೆ ಆ ಶಕ್ತಿಯ ಫಲವನ್ನು ಉಂಡವರಾರು? ಎಲ್ಲರೊಡನೆ ಕೊಳ್ಳಹೋದವನು ಏರಿದ ಬೆಲೆಗೆ ಕೊಂಡನು, ಎಲ್ಲರೊಡನೆ ಮಾರಹೋದವನು ಇಳಿದ ಬೆಲೆಗೆ ಮಾರಿದನು; ಫಂಡನ್ನು ಬದಲಿಸದೆ ಸುಮ್ಮನೆ ದುಡಿಯುತ್ತಿದ್ದ ನೆರೆಯವನ ಪಿಂಚಣಿಯೂ ಆ ಹೆಚ್ಚುವರಿ ನಗದಿನ ಭಾರವನ್ನು ಹೊತ್ತಿತು. 2021ರಲ್ಲಿ ಆ ಸಂಸ್ಥೆ ಬಾಗಿಲು ಮುಚ್ಚಿತು.

ಅಮೆರಿಕದ ಕೇಂದ್ರ ಸರ್ಕಾರೀ ನೌಕರರ ಉಳಿತಾಯ ಯೋಜನೆಯೂ, ಕೆಲವೇ ಮಂದಿಯ ನಿರಂತರ ಅದಲುಬದಲಿನಿಂದ ಎಲ್ಲರ ವೆಚ್ಚವೂ ಏರುತ್ತಿರುವುದನ್ನು ಕಂಡು, 2008ರಲ್ಲಿ ಸ್ವತಂತ್ರವಾದ ವರ್ಗಾವಣೆಗಳನ್ನು ತಿಂಗಳಿಗೆ ಎರಡಕ್ಕೆ ಮಿತಗೊಳಿಸಿತು. ನಮ್ಮ ಎನ್‌ಪಿಎಸ್‌ನಲ್ಲಿ ಹೂಡಿಕೆಯ ವಿನ್ಯಾಸವನ್ನು ವರ್ಷಕ್ಕೆ ಕೆಲವೇ ಬಾರಿ ಬದಲಿಸಬಹುದೆಂಬ ನಿಯಮವನ್ನು ಅಧಿಕಾರಿಗಳ ಕಾಟವೆಂದು ಹಳಿಯುವವರು ಈ ಎರಡು ಪ್ರಸಂಗಗಳನ್ನು ಮನಸ್ಸಿಟ್ಟು ನೋಡಬೇಕು. ವಾಟ್ಸಾಪ್ ಗುಂಪುಗಳಲ್ಲಿ ಎಲ್ಲರೂ ಇಂದೇ ಕೊಳ್ಳಿರೆಂದು ಕೂಗುವವನಿಗೆ ಸೆಬಿಯ ನೋಂದಣಿ ಇದೆಯೇ ಎಂದು ವಿಚಾರಿಸುವುದೂ ಅವಶ್ಯ. ಅವನು ಕೂಗುವ ಮುನ್ನವೇ ಕೊಂಡಿಟ್ಟು, ನೀವು ಕೊಳ್ಳುವಾಗ ಮಾರುವವನಾಗಿರಬಹುದು.

ಸಾಲಪತ್ರಗಳ ಪೇಟೆ ಶಾಂತವೆಂಬುದೂ ಪೂರ್ಣ ನಿಜವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪಿಂಚಣಿ ನಿಧಿಗಳು, ಸಾಲದ ಆಧಾರದ ಮೇಲೆ ಮಾಡಿದ್ದ ವ್ಯವಹಾರಗಳಿಗೆ ಹಣ ಹೊಂದಿಸಲು ಸರ್ಕಾರೀ ಸಾಲಪತ್ರಗಳನ್ನು ಒಟ್ಟಿಗೆ ಮಾರಹೊರಟಾಗ ಬೆಲೆಗಳು ಕುಸಿದು, ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ 6,500 ಕೋಟಿ ಪೌಂಡುಗಳವರೆಗೆ ಕೊಳ್ಳುವುದಾಗಿ ಘೋಷಿಸಬೇಕಾಯಿತು. ಅಲ್ಲಿಯೂ ಅನರ್ಥಕ್ಕೆ ಕಾರಣವಾದುದು ಸಾಲ ಮತ್ತು ಏಕಕಾಲಿಕ ಮಾರಾಟ.

ಉಳಿದಿರುವುದು ಇನ್ನೊಂದು ಭಯ: ಎನ್‌ಪಿಎಸ್‌ನ ಮೊದಲ ತಲೆಮಾರು ನಿವೃತ್ತವಾಗುವ ಕಾಲಕ್ಕೆ ಎಲ್ಲರೂ ಒಮ್ಮೆಗೇ ಮಾರಿ ಪೇಟೆಯನ್ನು ಮುಳುಗಿಸುವರು ಎಂಬುದು. ಆದರೆ 2004ರಲ್ಲಿ ಒಟ್ಟಿಗೆ ಸೇರಿದವರ ವಯಸ್ಸು ಒಂದಲ್ಲವಾದುದರಿಂದ ಅವರು ನಿವೃತ್ತರಾಗುವ ವರ್ಷವೂ ಒಂದಲ್ಲ. ಸರ್ಕಾರೀ ನೌಕರನು ತನ್ನ ನಿಧಿಯಲ್ಲಿ ಕನಿಷ್ಠ ಶೇಕಡಾ 40ನ್ನು ವರ್ಷಾಶನಕ್ಕೆ ತೊಡಗಿಸಬೇಕು. ಮಿಕ್ಕುದನ್ನು ಕಂತುಕಂತಾಗಿ ಪಡೆಯುವ ಅನುಕೂಲ 2023ರಿಂದ ಇದೆ. ಅರಸೀಕೆರೆಯಲ್ಲಿ ಒಬ್ಬರು ಕಂತು ಪಡೆಯುವ ತಿಂಗಳಿನಲ್ಲಿಯೇ ಹಳೇಬೀಡಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯಿನಿಯೊಬ್ಬರ ಮೊದಲ ವಂತಿಗೆ ಅದೇ ವ್ಯವಸ್ಥೆಯನ್ನು ಸೇರಬಹುದು.